ಅರಣ್ಯ ಹಕ್ಕು ಅರ್ಜಿ ತಿರಸ್ಕಾರ: ಗ್ರಾಮಸಭೆಯಲ್ಲಿ ಕೇಳೋದಾ, ಆರ್‌ಟಿಐ ಹಾಕೋದಾ?

ಶಿರಸಿ ಕಡೆ ಅರ್ಜಿ ತಿರಸ್ಕಾರವಾದವರಿಗೆಲ್ಲ ಇದೇ ಗೊಂದಲ: ಕಾರಣ ಎಲ್ಲಿ ಕೇಳೋದು?

ಗ್ರಾಮಸಭೆಯಲ್ಲಿ ಕೇಳಿದರೆ ಖರ್ಚಿಲ್ಲ. ಆದರೆ ಅಜ್ಜನ ಕಾಲದ ಕಾಗದ, ಅಣ್ಣತಮ್ಮಂದಿರ ಪಾಲಿನ ತಕರಾರು ಎಲ್ಲ ಊರೆದುರೇ ಬರುತ್ತದೆ. ಇಡೀ ಕೇರಿಯ ಅರ್ಜಿ ಒಂದೇ ಕಾರಣಕ್ಕೆ ಬಿದ್ದಿದ್ದರೆ ಮಾತ್ರ ಅಲ್ಲೇ ಕೇಳಿ.

ನಿಮ್ಮೊಬ್ಬರದೇ ಆದರೆ ಆರ್‌ಟಿಐ ವಾಸಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಸ್ಥಳ ಪರಿಶೀಲನೆ ವರದಿ, ಕಡತದ ಟಿಪ್ಪಣಿ ಎರಡನ್ನೂ ಕೇಳಿ; ನಿಜವಾದ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ. ಅರಣ್ಯ ಹಕ್ಕು ತಿರಸ್ಕಾರದ ವಿರುದ್ಧ ಮೇಲ್ಮನವಿಗೆ 60 ದಿನ ಮಾತ್ರ, ಸುಮ್ನೆ ಕಾಯಬೇಡಿ.

ಪಕ್ಕದವರ ಕಡತ ಕೇಳಿದರೆ ಕಷ್ಟ ಜಾಸ್ತಿ. 2023ರ ಡೇಟಾ ರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಗೆ ಬೇಲಿ ಬಿಗಿ ಮಾಡಿದೆ. ಸಾರ್ವಜನಿಕ ಹಿತವಿದ್ದರೆ ಆರ್‌ಟಿಐ ಕಾಯ್ದೆಯ ಸೆಕ್ಷನ್ 8(2) ಹಿಡಿದು ವಾದಿಸಬಹುದು. ಆಧಾರ್ ನಂಬರ್ ಮುಚ್ಚಲಿ, ತಿರಸ್ಕಾರದ ಕಾರಣ ಯಾಕೆ ಮುಚ್ಚಬೇಕು?