ಬೀಗ ಹಾಕಿದ ಮನೆಗೆ ಬೀಟ್ ಪೊಲೀಸ್ ಕಾವಲು: ಮೂರು ವರ್ಷ ಬಳಸಿದ ಮೇಲೆ

ಊರಿಗೆ ಹೋಗುವ ಮುಂಚೆ ಠಾಣೆಗೆ ತಿಳಿಸಿ ಹೋಗಿ ಎಂದು ಪ್ರತಿ ಬೇಸಿಗೆಯಲ್ಲೂ ಆಟೋಗೆ ಮೈಕ್ ಕಟ್ಟಿಕೊಂಡು ಸಾರುತ್ತಾರೆ. ತಿಳಿಸಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಈ ವಿಮರ್ಶೆ ಅದಕ್ಕಾಗಿ. 2017ರಲ್ಲಿ ಕರ್ನಾಟಕದಾದ್ಯಂತ ಬಂದ ಹೊಸ ಬೀಟ್ (ಗಸ್ತಿನ ಪ್ರದೇಶ) ವ್ಯವಸ್ಥೆ, ಒಬ್ಬ ಕಾನ್‌ಸ್ಟೆಬಲ್‌ಗೆ ಒಂದು ಬೀಟ್, ಆ ಬೀಟ್‌ನ ನಿವಾಸಿಗಳ ವಾಟ್ಸಾಪ್ ಗುಂಪು, ಇವೆಲ್ಲ ಗೊತ್ತಿರುವ ವಿಷಯ, ಬಿಡೋಣ. ಬೀಗ ಹಾಕಿದ ಮನೆಯ ಮೇಲೆ ಬೀಟ್ ಪೊಲೀಸರು ಕಣ್ಣಿಡುವ ಈ ಸೇವೆಯನ್ನು ಸಣ್ಣ ಊರಿನಲ್ಲಿ ಬಳಸಿ ನೋಡಿ ಹೇಳುವುದಾದರೆ ಐದಕ್ಕೆ ಮೂರೂವರೆ. ಕಳೆದುಹೋದ ಒಂದೂವರೆ ಅಂಕವೂ ಒಂದೇ ಕಾರಣಕ್ಕೆ.

ಆ ಕಾರಣ, ಸ್ಕ್ಯಾನ್. ಹಿಂದೆ ಬ್ಯಾಂಕು, ದೇವಸ್ಥಾನ, ಬಂಗಾರದಂಗಡಿಗಳ ಹತ್ತಿರ ಒಂದು ಪಾಯಿಂಟ್ ಪುಸ್ತಕ ಇರುತ್ತಿತ್ತು. ರಾತ್ರಿ ಗಸ್ತಿನವರು ಬಂದು ಸಮಯ ಬರೆದು ಸಹಿ ಹಾಕುತ್ತಿದ್ದರು. ಈಗ ಇ-ಬೀಟ್ ಇರುವ ಕಡೆ ಕ್ಯೂಆರ್ ಕೋಡ್ ಚೀಟಿ ಅಂಟಿಸಿರುತ್ತಾರೆ. ಮೊಬೈಲ್ ಹಿಡಿದರೆ ಹೊತ್ತು, ಜಾಗ ಎರಡೂ ದಾಖಲಾಗುತ್ತವೆ. ರಾತ್ರಿ ಬರೆಯಬೇಕಾದ್ದನ್ನು ಬೆಳಿಗ್ಗೆ ಕೂತು ಬರೆಯುವ ಅಭ್ಯಾಸ ಇದರಿಂದ ನಿಂತಿದೆ, ಅದು ನಿಜವಾದ ಲಾಭ. ಆದರೆ ಆ ಚೀಟಿ ಎಲ್ಲಿರುತ್ತದೆ? ಮುಖ್ಯ ರಸ್ತೆಯ ತಿರುವಿನ ವಿದ್ಯುತ್ ಕಂಬದ ಮೇಲೆ. ಬೈಕ್ ನಿಲ್ಲುತ್ತದೆ, ಇಂಜಿನ್ ಆರುವುದಿಲ್ಲ, ಮೊಬೈಲ್ ಮಿನುಗುತ್ತದೆ, ಬೈಕ್ ಹೊರಡುತ್ತದೆ. ಠಾಣೆಯ ಲೆಕ್ಕದಲ್ಲಿ ಆ ಬೀದಿಯ ಗಸ್ತು ಮುಗಿಯಿತು.

ಕಳ್ಳ ಬರುವುದು ಕಂಬದ ಕಡೆಯಿಂದ ಅಲ್ಲ. ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕನ್ಸರ್ವೆನ್ಸಿ ಓಣಿ ಇರುತ್ತದಲ್ಲ, ಅವನ ದಾರಿ ಅದು. ಮುಂಬಾಗಿಲಿಗೆ ತೇಗ, ಗ್ರಿಲ್ಲು, ಎರಡೆರಡು ಬೀಗ. ಹಿತ್ತಿಲ ಬಾಗಿಲಿಗೆ ಮಳೆಗೆ ಉಬ್ಬಿದ ಹಲಗೆ, ಒಂದೇ ಒಂದು ಟವರ್ ಬೋಲ್ಟ್. ಅದಕ್ಕಿಂತ ಸಡಿಲಾದ ಜಾಗ ಬಚ್ಚಲುಮನೆಯ ಗಾಳಿಕಿಂಡಿ. ಅಲ್ಲಿನ ಲೂವರ್ ಗಾಜಿನ ಪಟ್ಟಿಗಳನ್ನು ಹೊರಗಿನಿಂದಲೇ ಒಂದೊಂದಾಗಿ ಜಾರಿಸಿ ತೆಗೆಯಬಹುದು, ಸದ್ದೇ ಆಗುವುದಿಲ್ಲ. ಒಳಗೆ ಅಡ್ಡ ಸರಳು ಇಲ್ಲದಿದ್ದರೆ ತೆಳ್ಳಗಿನ ಒಬ್ಬ ಹುಡುಗ ಸಾಕು. ಸ್ಕ್ಯಾನ್ ಹೇಳುವುದು ಪೊಲೀಸರು ಕಂಬದವರೆಗೆ ಬಂದರು ಎಂದಷ್ಟೆ. ಮನೆಯ ಹಿಂದೆ ಟಾರ್ಚ್ ಬಿತ್ತೇ ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇದಕ್ಕೆ ಪರಿಹಾರ ಉಂಟು, ಆದರೆ ಕೇಳಿ ಪಡೆಯಬೇಕು. ಠಾಣೆಗೆ ಕೊಡುವ ಅರ್ಜಿಯಲ್ಲಿ ‘ಇಷ್ಟನೇ ತಾರೀಕಿನಿಂದ ಇಷ್ಟನೇ ತಾರೀಕಿನವರೆಗೆ ಮನೆ ಬೀಗ’ ಎಂದು ಒಂದು ಸಾಲು ಬರೆದರೆ ಯಾರಿಗೂ ಉಪಯೋಗವಿಲ್ಲ. ಹಿತ್ತಿಲಿಗೆ ಬರುವ ದಾರಿ ಯಾವುದು, ರಾತ್ರಿ ಉರಿಯುವ ದೀಪ ಯಾವುದು, ಅಂಗಳದಲ್ಲಿ ಯಾವ ವಾಹನ ನಿಂತಿರುತ್ತದೆ, ಗಿಡಕ್ಕೆ ನೀರು ಹಾಕಲು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ, ಬೀಗದ ಕೈ ಯಾರ ಬಳಿ, ಅವರ ಫೋನ್ ಯಾವುದು, ಇವೆಲ್ಲ ಇರಲಿ. ಹಿಂಬದಿಯ ಒಂದು ಕೈನಕ್ಷೆ ಜೊತೆಗಿಡಿ. ಹೊರಡುವ ಎರಡು ದಿನ ಮುಂಚೆ, ಹಗಲಿನಲ್ಲಿ, ಬೀಟ್‌ನವರನ್ನು ಕರೆದು ಹಿತ್ತಿಲ ಓಣಿಯನ್ನು ಒಮ್ಮೆ ತೋರಿಸಿ. ಓಣಿಯ ನಾಲ್ಕೈದು ಮನೆಯವರು ಸೇರಿ ಸಹಿ ಮಾಡಿ ‘ಕ್ಯೂಆರ್ ಚೀಟಿ ಓಣಿಯ ಒಳತುದಿಗೆ ಬರಲಿ’ ಎಂದು ಪಿಎಸ್‌ಐ ಅವರಿಗೆ ಕೊಟ್ಟರೆ, ಆಗುವ ಕೆಲಸವೇ ಅದು. ಚೀಟಿ ಎಲ್ಲಿಗೆ ಹೋಗುತ್ತದೋ ಬೈಕೂ ಅಲ್ಲಿಗೇ ಹೋಗುತ್ತದೆ.

ಇಷ್ಟೆಲ್ಲ ದೂರಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಬೈಕ್ ಇಳಿದು ಬರುವ ಕಾನ್‌ಸ್ಟೆಬಲ್ ಇದ್ದಾರೆ, ಅವರ ಕೆಲಸ ನೋಡಬೇಕು. ತಿರುವಿನಲ್ಲೇ ಇಂಜಿನ್ ಆರಿಸುತ್ತಾರೆ. ಟಾರ್ಚ್ ಮೊದಲು ಬೀಗಕ್ಕೆ, ಆಮೇಲೆ ಚಿಲಕದ ಕೊಂಡಿಗೆ, ಆಮೇಲೆ ನೆಲಕ್ಕೆ. ಬೀಗವನ್ನು ಎರಡು ಸಲ ಅಲ್ಲಾಡಿಸುತ್ತಾರೆ. ದೂರದಿಂದ ನೋಡಿದರೆ ಹಾಕಿದ ಹಾಗೇ ಕಾಣುವ, ಆಗಲೇ ತುಂಡಾಗಿರುವ ಬೀಗ ಕೈಗೆ ಮಾತ್ರ ಗೊತ್ತಾಗುತ್ತದೆ. ಗ್ರಿಲ್ಲಿಗೆ ಯಾರೋ ಸಿಕ್ಕಿಸಿದ ಕರಪತ್ರ ತೆಗೆಯುತ್ತಾರೆ. ಮೂರು ದಿನ ಹಾಗೇ ನೇತಾಡುವ ಕರಪತ್ರ ಕಂಡರೆ ಮನೆ ಖಾಲಿ ಎಂದು ಯಾರಿಗಾದರೂ ತಿಳಿಯುತ್ತದೆ. ಕೊನೆಗೆ ಒಂದು ಫೋಟೊ. ಫ್ಲ್ಯಾಶ್ ಬೆಳಕಿಗೆ ಹೊಳೆಯುವ ಬೀಗ, ಮೇಲೆ ತೋರಣದ ಒಣಗಿದ ಮಾವಿನೆಲೆ, ಕೆಳಗೆ ‘2.40, ಸರಿ ಇದೆ ಸರ್’. ಇಂಥದ್ದಕ್ಕೆ ಆದೇಶವೇನೂ ಬೇಕಿಲ್ಲ, ಆದರೆ ಒಬ್ಬರು ಶುರು ಮಾಡಿದರೆ ಬೀದಿಯಲ್ಲಿ ಎಲ್ಲರೂ ಕೇಳತೊಡಗುತ್ತಾರೆ. ಈ ಸೇವೆಯ ಜೀವ ಅಲ್ಲಿದೆ.

ಹೀಗೆ ಎಲ್ಲರೂ ಪ್ರತಿ ರಾತ್ರಿ ಯಾಕೆ ಮಾಡುವುದಿಲ್ಲ ಎಂದರೆ, ಬಂದೋಬಸ್ತ್. ಗಣಪತಿ ವಿಸರ್ಜನೆ, ಜಾತ್ರೆ, ಚುನಾವಣೆ, ಮಂತ್ರಿಗಳ ಭೇಟಿ ಬಂದಾಗ ಬೀಟ್‌ನವರನ್ನೇ ಎಳೆದುಕೊಳ್ಳುತ್ತಾರೆ. ಹಗಲೆಲ್ಲ ಸಮನ್ಸ್, ಕೋರ್ಟು, ಪಾಸ್‌ಪೋರ್ಟ್ ಪರಿಶೀಲನೆ ಮಾಡಿದವರೇ ರಾತ್ರಿ ಸೀಟಿ ಹಿಡಿದು ಹೊರಡಬೇಕು. ಮನೆಗಳು ಹೆಚ್ಚು ಖಾಲಿಯಾಗುವ ಹಬ್ಬದ ವಾರದಲ್ಲೇ ಬೀಟ್ ಕೂಡ ತೆಳುವಾಗುತ್ತದೆ. ಆ ವಾರ ಸೇವೆಯನ್ನು ಪೂರ್ತಿ ನೆಚ್ಚಬೇಡಿ. ಬೀಟ್‌ನವರ ನಂಬರ್ ತುರ್ತಿಗಲ್ಲ ಅನ್ನುವುದೂ ನೆನಪಿರಲಿ. ಸದ್ದು ಕೇಳಿಸಿದರೆ ಪಕ್ಕದ ಮನೆಯವರು 112ಕ್ಕೆ ಕರೆ ಮಾಡಬೇಕು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶ ಶುಭೋದಯದ ಹೂಗಳ ಕೆಳಗೆ ಮುಚ್ಚಿಹೋಗುತ್ತದೆ.

ಸೇವೆಗೆ ದುಡ್ಡಿಲ್ಲ. ಹಾಗಾಗಿ ಉಳಿದ ದುಡ್ಡನ್ನು ಚಿಲಕಕ್ಕೆ ಹಾಕಿ. ಹೆಚ್ಚಾಗಿ ಒಡೆಯುವುದು ಬೀಗವನ್ನಲ್ಲ, ಕೊಂಡಿಯನ್ನು. ಮುಕ್ಕಾಲು ಇಂಚಿನ ಸ್ಕ್ರೂಗಳನ್ನು ಒಂದು ಕಬ್ಬಿಣದ ಸರಳಿನಿಂದ ಮೀಟಿದರೆ ಮರದ ಸಮೇತ ಕಿತ್ತು ಬರುತ್ತವೆ. ಸ್ಕ್ರೂ ಬದಲು ಬಾಗಿಲನ್ನು ಆರಪಾರು ಕೊರೆದು ಬೋಲ್ಟ್ ಹಾಕಿ, ಒಳಗಿನಿಂದ ವಾಷರ್, ನಟ್ ಬಿಗಿಸಿದರೆ ಮೀಟಲು ತುಂಬ ಹೊತ್ತು ಬೇಕು, ಸದ್ದೂ ಬಹಳ. ಕ್ಯಾಮೆರಾ ಇದ್ದರೆ ಏಳೆಂಟು ಅಡಿಗಿಂತ ಮೇಲೆ ಬೇಡ, ಮೇಲಿಟ್ಟರೆ ಸಿಗುವುದು ಟೋಪಿ ಮಾತ್ರ. ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ಗಡಿಯಾರ ಸರಿ ಇದೆಯೇ ನೋಡಿ, ಅರ್ಧ ಗಂಟೆ ತಪ್ಪಿದ್ದರೂ ತನಿಖೆಯಲ್ಲಿ ತಲೆನೋವು. ಪೆಟ್ಟಿಗೆಯನ್ನು ಟಿವಿ ಪಕ್ಕ ಇಡಬೇಡಿ, ಟಿವಿ ಜೊತೆ ಅದೂ ಹೋಗುತ್ತದೆ. ಇನ್ನು ರಂಗೋಲಿ. ಹಗಲಿನಲ್ಲಿ ಮನೆ ಗುರುತು ಮಾಡಿಕೊಳ್ಳುವವರು ನೋಡುವುದು ಗುಡಿಸದ ಅಂಗಳ, ಮಾಸಿದ ರಂಗೋಲಿ. ಪಕ್ಕದ ಮನೆಯವರು ದಿನಕ್ಕೆ ಎರಡು ಎಳೆ ಎಳೆದರೂ ಮನೆಯಲ್ಲಿ ಜನ ಇದ್ದ ಹಾಗೆ.

ಊರಿನಿಂದ ಬಂದ ಮೇಲೆ ಠಾಣೆಗೆ ಫೋನ್ ಮಾಡಿ ಹೆಸರು ತೆಗೆಸಿ. ಬಹಳ ಜನ ಇದೊಂದನ್ನು ಮರೆಯುತ್ತಾರೆ. ಜನ ತುಂಬಿದ ಮನೆಗಳ ಮುಂದೆ ಬೈಕ್ ನಿಲ್ಲುತ್ತಾ ಹೋದರೆ, ನಿಜವಾಗಿ ಬೀಗ ಬಿದ್ದ ಮನೆಗೆ ಟಾರ್ಚ್ ತಲುಪುವಾಗ ಬೆಳಗಾಗಿರುತ್ತದೆ.