ಒಂದಿಂಚು ಸಂದು ಬಿಟ್ಟ ಗೌಂಡಿ

ಪುಣೆಯ ಧಾಯರಿಯಲ್ಲಿ ನಾವು ನಡೆಸುವ ಖಾನಾವಳಿಯಲ್ಲಿ ರೊಟ್ಟಿ ಬೇಯುವುದು ಬೀಡುಕಬ್ಬಿಣದ ಕಟ್ಟಿಗೆ ಒಲೆಯ ಮೇಲೆ. ಒಲೆಯ ಹಿಂದೆ ಪ್ಲೈವುಡ್ ಗೋಡೆ, ಗೋಡೆಯಾಚೆ ಜೋಳದ ಚೀಲಗಳು. ದೀಪಾವಳಿಗೆ ಸ್ವಚ್ಛ ಮಾಡಲೆಂದು ಒಲೆ ಸರಿಸಿ ನೋಡಿದರೆ, ಪ್ಲೈವುಡ್ ಪರಾತದಷ್ಟು ಅಗಲ ಕಂದಿ, ಬಣ್ಣ ಹಪ್ಪಳದಂತೆ ಉಬ್ಬಿತ್ತು. ವರ್ಷಗಟ್ಟಲೆ ಬಿಸಿ ಕುಡಿದ ಮರ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ ಎಂದು ಮಗ ಓದಿ ಹೇಳಿದ. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಅಮೆರಿಕದ ಬೆಂಕಿ ಸುರಕ್ಷತೆಯ ಸಂಸ್ಥೆ ಎನ್‌ಎಫ್‌ಪಿಎಯ 211 ನಿಯಮದಂತೆ ಇಂಥ ಒಲೆಗೂ ಮರದ ಗೋಡೆಗೂ ನಡುವೆ 36 ಇಂಚು ಇರಬೇಕು. ನಮ್ಮಲ್ಲಿದ್ದದ್ದು 14. ಒಲೆಯನ್ನು ಅಷ್ಟು ಮುಂದೆ ತಂದರೆ ರೊಟ್ಟಿ ಬಡಿಯುವವಳು ಬೀದಿಯಲ್ಲಿ ಕೂರಬೇಕಾಗುತ್ತದೆ. ಮರಕ್ಕೆ ತಾಗಿಸಿ ಇಟ್ಟಿಗೆ ಕಟ್ಟಿದರೂ 24 ಇಂಚು ಬೇಕು. ಒಂದಿಂಚು ಸಂದು ಬಿಟ್ಟು, ಕೆಳಗಿನಿಂದ ಹೊಕ್ಕ ಗಾಳಿ ಮೇಲಿನಿಂದ ಹೊರಬೀಳುವಂತೆ ಕಟ್ಟಿದರೆ ಮಾತ್ರ 12ಕ್ಕೆ ಇಳಿಯುತ್ತದೆ.

ಹಾಗೆಯೇ ಕಟ್ಟಿಸಲು ಹೊರಟೆವು. ವಾರ್ಜೆಯ ಮಜೂರರ ಅಡ್ಡೆಯಲ್ಲಿ ಸಿಕ್ಕ ಗೌಂಡಿ ನಮ್ಮ ವಿಜಯಪುರ ಕಡೆಯವರೇ. ಇಡೀ ಕೆಲಸದಲ್ಲಿ ಜಗಳವಾದದ್ದು ಆ ಒಂದಿಂಚಿಗೆ. “ಸಂದು ಬಿಟ್ಟರೆ ಜಿರಳೆ ಸೇರುತ್ತವೆ ಅಕ್ಕಾವರೆ, ಗಾರೆ ತುಂಬಿಬಿಡುತ್ತೇನೆ” ಎಂದರು. ತುಂಬಿದರೆ ದುಡ್ಡಿಲ್ಲ ಎಂದೆ.

ಒಪ್ಪಿಕೊಂಡ ಮೇಲೆ ಅವರ ಕೈಚಳಕ ನೋಡಬೇಕಿತ್ತು. ಒಂದಿಂಚು ದಪ್ಪದ ಮರದ ಪಟ್ಟಿಗೆ ಎರಡೂ ತುದಿಯಲ್ಲಿ ಸುತಳಿ ಕಟ್ಟಿ ಸಂದಿನೊಳಗೆ ಇಳಿಬಿಟ್ಟರು. ಒಂದೊಂದು ಸಾಲು ಮುಗಿದಾಗಲೂ ಅದನ್ನು ಮೇಲೆಳೆದು, ಅದರ ಮೇಲೆ ಬಿದ್ದ ಗಾರೆಯನ್ನು ಕರಣೆಯಿಂದ ಕೆರೆದು ಮತ್ತೆ ಇಳಿಬಿಡುತ್ತಿದ್ದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಗೋಡೆ ವಾಲದಂತೆ ತಗಡಿನ ಪಟ್ಟಿಗಳನ್ನು ಮರದ ಚೌಕಟ್ಟಿಗೆ ಬಿಗಿದು ಇಟ್ಟಿಗೆಯ ಸಾಲುಗಳಲ್ಲಿ ಹುದುಗಿಸಿದರು. ಕಬ್ಬಿಣ ಬಿಸಿಯನ್ನು ಮರಕ್ಕೆ ದಾಟಿಸುತ್ತದೆ ಎಂದು ಒಲೆಯ ನೇರ ಹಿಂದೆ ಒಂದನ್ನೂ ಹಾಕಲಿಲ್ಲ. ಐದಡಿ ಅಗಲ, ನಾಲ್ಕಡಿ ಚಿಲ್ಲರೆ ಎತ್ತರ. ಸಾದಾ ಕೆಂಪು ಇಟ್ಟಿಗೆಯೇ ಸಾಕಾಯಿತು. ಬೆಂಕಿಯನ್ನೇ ಮುಟ್ಟುವ ಜಾಗಕ್ಕಲ್ಲದೆ ದುಬಾರಿ ಬೆಂಕಿ ಇಟ್ಟಿಗೆ ಬೇಕಾಗಿಲ್ಲ. ನೆಲಕ್ಕೆ ಶಹಾಬಾದಿ ಫರಸಿ ಇದ್ದದ್ದರಿಂದ ಭಾರದ ಚಿಂತೆಯೂ ಇರಲಿಲ್ಲ.

ಏಳು ದಿನ ನೀರುಣಿಸಿದೆವು. ಅಷ್ಟೂ ದಿನ ಗ್ಯಾಸಿನ ರೊಟ್ಟಿ. ಗಿರಾಕಿಗಳ ಮುಖ ನೋಡುವಂತಿರಲಿಲ್ಲ. ಎಂಟನೆಯ ದಿನ ಸಣ್ಣ ಉರಿ ಹಾಕಿ, ಕೆಳಗಿನ ಗಾಳಿಕಿಂಡಿಯ ಬಳಿ ಊದುಬತ್ತಿ ಹಿಡಿದೆ. ಹೊಗೆ ಒಳಕ್ಕೆ ಹೋಗಲೇ ಇಲ್ಲ. ಬಗ್ಗಿ ಬ್ಯಾಟರಿ ಬಿಟ್ಟು ನೋಡಿದರೆ, ಸಹಾಯಕ ಹುಡುಗ ಅಂದವಾಗಿ ಕಾಣಲೆಂದು ಐದು ಕಿಂಡಿಗಳಲ್ಲಿ ನಾಲ್ಕಕ್ಕೆ ಗಾರೆ ಮೆತ್ತಿ ಹೋಗಿದ್ದ! ಫೋನ್ ಮಾಡಿದೆ. ಗೌಂಡಿ ಭಾನುವಾರವೇ ಬಂದು, ಉಳಿ ಹಿಡಿದು ಬಿಡಿಸಿ, ಒಂದು ಪೈಸೆಯನ್ನೂ ಕೇಳದೆ ಊಟ ಮಾಡಿ ಹೋದರು. ಈಗ ಊದುಬತ್ತಿಯ ಹೊಗೆ ಸರ್ರನೆ ಒಳಸೇರುತ್ತದೆ. ಮಧ್ಯಾಹ್ನದ ಉರಿ ಜೋರಾಗಿರುವಾಗಲೂ ಗೋಡೆಯಾಚೆ ಹೋಗಿ ಪ್ಲೈವುಡ್ ಮೇಲೆ ಅಂಗೈ ಊರಿ ನಿಲ್ಲಬಹುದು.

ಇಬ್ಬರ ಎರಡು ದಿನದ ಕೂಲಿ 4,000 ರೂಪಾಯಿ. ಮೇಲಿನ ಸಾಲು ಎಡಕ್ಕೆ ಅರ್ಧ ಬೆರಳು ಇಳಿದಿದೆ, ಊಟಕ್ಕೆ ಕೂತವರಿಗೆಲ್ಲ ಕಾಣುತ್ತದೆ. ಆದರೂ ಇನ್ನೊಂದು ಗೋಡೆ ಕಟ್ಟಿಸುವುದಿದ್ದರೆ ಇವರನ್ನೇ ಕರೆಯುತ್ತೇನೆ, ಹುಡುಗನ ಮೇಲೆ ಕಣ್ಣಿಟ್ಟು. ಜಿರಳೆಯ ಮಾತು ಮಾತ್ರ ನಿಜವಾಯಿತು. ಕಿಂಡಿಗಳಿಗೆ ತಂತಿ ಜಾಳಿಗೆ ಬಡಿಸಲು ಮತ್ತೆ 180 ರೂಪಾಯಿ ಹೋಯಿತು.