ಸರ್ಕಾರದ ಅಪ್ರೆಂಟಿಸ್ ಸ್ಕೀಮ್ (ನ್ಯಾಪ್ಸ್): ಪೀಣ್ಯದ ಒಂದು ಸಣ್ಣ ಶಾಪಿನ ಏಳು ವರ್ಷದ ಅನುಭವ

ಐದಕ್ಕೆ ಮೂರು ಸ್ಟಾರ್. ಯಾಕೆ ನಾಲ್ಕಲ್ಲ ಅಂತ ಕೊನೆಗೆ ಹೇಳ್ತೀನಿ, ಮೊದಲು ನಾವು ಯಾರು ಅಂತ ಗೊತ್ತಾಗ್ಲಿ. ಪೀಣ್ಯ ಎರಡನೇ ಸ್ಟೇಜಲ್ಲಿ ಜಾಬ್ ವರ್ಕ್ ಮಾಡೋ, ಅಂದ್ರೆ ಬೇರೆ ಕಂಪನಿಗಳಿಗೆ ಲೋಹದ ಪಾರ್ಟ್ ಕೊರೆದು ಕೊಡೋ ಶಾಪ್ ನಮ್ದು, ನಾಲ್ಕು ಸಿಎನ್‌ಸಿ (ಕಂಪ್ಯೂಟರಲ್ಲಿ ಓಡೋ) ಲೇತು, ಎರಡು ವಿಎಂಸಿ (ಅದೇ ತರ ಓಡೋ ಮಿಲ್ಲಿಂಗ್ ಮಷಿನ್), ಒಂದು ಹಳೇ ಲೇತು ಇದೆ ಅದನ್ನ ಮಾರೋಕೆ ಮನಸ್ಸು ಬರ್ತಿಲ್ಲ, ಒಟ್ಟು ಇಪ್ಪತ್ತಾರು ಜನ. ದೊಡ್ಡ ಕಂಪನಿಗಳ ತರ ಹೆಚ್‌ಆರ್ ಗಿಚ್‌ಆರ್ ಇಲ್ಲ, ಹೆಚ್‌ಆರೂ ನಾನೇ, ಜನರೇಟರ್‌ಗೆ ಡೀಸೆಲ್ ತರಿಸೋನೂ ನಾನೇ. ನ್ಯಾಪ್ಸ್ ಬಗ್ಗೆ ಎಲ್ಲಾ ಕಡೆ ಇರೋದು ಅದೇ ಜಾಹೀರಾತು ಭಾಷೆ, ಇಲ್ಲಾಂದ್ರೆ ಕನ್ಸಲ್ಟೆಂಟ್‌ಗಳ ಪೋಸ್ಟು. ನಿಜವಾಗ್ಲೂ ಬಳಸಿದೋರು ಬರೆದಿದ್ದು ನನಗೆ ಸಿಗ್ಲಿಲ್ಲ, ಅದಕ್ಕೆ ನಾನೇ ಬರೀತಿದೀನಿ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ. ಅಪ್ರೆಂಟಿಸ್ ಆಕ್ಟ್ 1961ರದ್ದು, ಹಳೇದು. ಅದರ ಮೇಲೆ 2016ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ಈ ಸ್ಕೀಮ್ ತಂತು. ನೀವು ಹುಡುಗರನ್ನ ತಗೊಂಡು ಕೆಲಸ ಕಲಿಸಿ, ಅವರಿಗೆ ಕೊಡೋ ಸ್ಟೈಪೆಂಡಲ್ಲಿ ಕಾಲು ಭಾಗ ಸರ್ಕಾರ ಕೊಡುತ್ತೆ, ಆದ್ರೆ ತಿಂಗಳಿಗೆ ಒಬ್ಬರಿಗೆ 1,500 ರೂಪಾಯಿ ದಾಟಲ್ಲ. ಏನೂ ಕಲೀದೇ ಬಂದ ಹೊಸಬರಾದ್ರೆ ಬೇಸಿಕ್ ಟ್ರೈನಿಂಗ್‌ಗೆ ಅಂತ 7,500 ರೂಪಾಯಿವರೆಗೂ ಇತ್ತು, ನಾವು ಐಟಿಐ ಆದೋರನ್ನೇ ತಗೊಳ್ಳೋದ್ರಿಂದ ಅದರ ಗೋಜಿಗೆ ಹೋಗ್ಲಿಲ್ಲ. 2019ರಲ್ಲಿ ರೂಲ್ಸ್ ಬದಲಾಗಿ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಜಾಗದಲ್ಲಿ ಅಪ್ರೆಂಟಿಸ್ ಕಡ್ಡಾಯ ಆಯ್ತು, ನಾಲ್ಕರಿಂದ ಇಪ್ಪತ್ತೊಂಬತ್ತು ಜನ ಇರೋರಿಗೆ ಇಷ್ಟ ಇದ್ರೆ ಮಾತ್ರ. ಎಷ್ಟು ಜನರನ್ನ ತಗೋಬಹುದು ಅಂದ್ರೆ ಒಟ್ಟು ಕೆಲಸಗಾರರಲ್ಲಿ ಶೇಕಡಾ 2.5ರಿಂದ 15ರೊಳಗೆ. ನಮ್ಮ ಇಪ್ಪತ್ತಾರಕ್ಕೆ ಮೂರು ಜನ ಬಂದ್ರೆ ಮುಗೀತು.

ನಾವು ಸೇರಿದ್ದು 2018ರಲ್ಲಿ. ಕಾರಣ ದೇಶಸೇವೆ ಅಲ್ಲ, ಹುಡುಗರು ಸಿಗ್ತಿರ್ಲಿಲ್ಲ ಅಷ್ಟೇ. ಐಟಿಐ ಮುಗಿಸಿ ಬರೋ ಹುಡುಗ ಮೂರು ತಿಂಗಳು ಇದ್ದು ಮಷಿನ್ ಹಿಡಿಯೋದು ಕಲಿತ ತಕ್ಷಣ ಪಕ್ಕದ ರೋಡಲ್ಲಿ ಸಾವಿರ ರೂಪಾಯಿ ಜಾಸ್ತಿ ಅಂತ ಹೋಗ್ಬಿಡ್ತಿದ್ದ. ಒಂದು ವರ್ಷದ ಕಾಂಟ್ರಾಕ್ಟ್ ಇದ್ರೆ, ಕೊನೇಲಿ ಪರೀಕ್ಷೆ ಬರೆದು ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತೆ ಅಂತಿದ್ರೆ ಉಳೀತಾನೇನೋ ಅನ್ನೋ ಆಸೆ. ಉಳಿದ್ರಾ? ಅರ್ಧಕ್ಕರ್ಧ ಉಳಿದ್ರು. ಇದುವರೆಗೆ ಹದಿನಾಲ್ಕು ಹುಡುಗರು ಬಂದಿದಾರೆ, ಇಬ್ಬರು ಈಗ ನಮ್ಮಲ್ಲೇ ಪರ್ಮನೆಂಟ್, ಒಬ್ಬನಂತೂ ಸೆಟ್ಟರ್ (ಮಷಿನ್ ಹೊಂದಿಸಿ ಕೊಡೋನು) ಆಗಿದಾನೆ. ಕಲಿಸಿದ ಮೇಲೆ ಕೆಲಸ ಕೊಡಲೇಬೇಕು ಅಂತ ರೂಲ್ ಏನಿಲ್ಲ, ಅವರೂ ಇರಲೇಬೇಕು ಅಂತಿಲ್ಲ.

ದುಡ್ಡಿನ ವಿಚಾರ ಸರಿಯಾಗಿ ಹೇಳ್ಬೇಕು ಯಾಕಂದ್ರೆ ಎಲ್ರೂ ಕೇಳೋದು ಅದನ್ನೇ. ಐಟಿಐ ಆದ ಹುಡುಗನಿಗೆ ನಾವು ಕೊಡ್ತಾ ಬಂದಿರೋ ಕನಿಷ್ಠ ಸ್ಟೈಪೆಂಡ್ 7,000, ಅದರ ಕಾಲು ಭಾಗ 1,750 ಆಗುತ್ತೆ ಆದ್ರೆ 1,500ಕ್ಕೆ ನಿಲ್ಲಿಸಿಬಿಡ್ತಾರೆ. ವರ್ಷಕ್ಕೆ ಒಬ್ಬನಿಂದ 18,000. ಮೂರು ಜನಕ್ಕೆ 54,000. ಕೇಳೋಕೆ ಪರವಾಗಿಲ್ಲ. ಆದ್ರೆ 7,000 ರೂಪಾಯಿಗೆ ಬೆಂಗಳೂರಲ್ಲಿ ಯಾವ ಹುಡುಗ ಬದುಕ್ತಾನೆ ಹೇಳಿ, ಲಗ್ಗೆರೆಲೋ ದಾಸರಹಳ್ಳೀಲೋ ನಾಲ್ಕು ಜನ ಸೇರ್ಕೊಂಡು ರೂಮ್ ಮಾಡಿದ್ರೂ ಊಟ ಬಾಡಿಗೆಗೇ ಖಾಲಿ, ಅದಕ್ಕೆ ನಾವು ಮೇಲೆ ಸೇರಿಸಿ ಕೊಡ್ತೀವಿ ಮಧ್ಯಾಹ್ನದ ಊಟಾನೂ ಹಾಕ್ತೀವಿ, ಆ ಸೇರಿಸಿದ್ದಕ್ಕೆ ಸರ್ಕಾರದ ಪಾಲೇನೂ ಇಲ್ಲ. 2025ರ ಮೇನಲ್ಲಿ ಸೆಂಟ್ರಲ್ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ ಸ್ಟೈಪೆಂಡ್‌ನ ಶೇಕಡಾ 36ರಷ್ಟು ಏರಿಸಿ ಅಂತ ಶಿಫಾರಸು ಮಾಡ್ತು, ಅಂದ್ರೆ 5,000ದಿಂದ 9,000 ಇದ್ದಿದ್ದು 6,800ರಿಂದ 12,300. ಹುಡುಗರ ಲೆಕ್ಕದಲ್ಲಿ ಅದು ನ್ಯಾಯ. ಆದ್ರೆ 1,500ರ ಮಿತಿ ಹಾಗೇ ಉಳಿದ್ರೆ ಏರಿದ ಭಾರ ಎಲ್ಲಾ ನಮ್ಮ ತಲೆ ಮೇಲೆ.

ಇನ್ನೊಂದು ಖರ್ಚು ಯಾರೂ ಹೇಳಲ್ಲ. ಅಪ್ರೆಂಟಿಸ್ ಅಂದ್ರೆ ಕಾನೂನಲ್ಲಿ ಅವನು ಕೆಲಸಗಾರ ಅಲ್ಲ, ಟ್ರೈನಿ. ಪಿಎಫ್ ಇಎಸ್‌ಐ ಇಲ್ಲ. ಮಾಲೀಕರು ಇದನ್ನ ಉಳಿತಾಯ ಅಂತ ಹೇಳ್ಕೊಂಡು ಓಡಾಡ್ತಾರೆ, ಆದ್ರೆ ಲೇತಿನ ಚಕ್‌ಗೆ (ಪೀಸ್ ಹಿಡ್ಕೊಂಡು ತಿರುಗೋ ಭಾಗ) ಕೈ ಸಿಕ್ಕಿಹಾಕ್ಕೊಂಡ್ರೆ ಪರಿಹಾರ ಕೊಡೋ ಜವಾಬ್ದಾರಿ ನಿಮ್ದೇ. ನಾನು ಮೊದಲ ವರ್ಷದಿಂದ್ಲೇ ಹುಡುಗರಿಗೆ ಬೇರೆ ಆಕ್ಸಿಡೆಂಟ್ ಪಾಲಿಸಿ ಮಾಡ್ಸಿದೀನಿ, ದಯವಿಟ್ಟು ನೀವೂ ಮಾಡ್ಸಿ.

ಪೋರ್ಟಲ್ ಬಗ್ಗೆ. ಮೊದಮೊದಲು ಸ್ಟೈಪೆಂಡ್ ಪೂರ್ತಿ ನಾವೇ ಕೊಟ್ಟು ಆಮೇಲೆ ಕ್ಲೇಮ್ ಹಾಕ್ಬೇಕಿತ್ತು. ನಮ್ಮ ಒಂದು ಕ್ಲೇಮ್ ಹನ್ನೊಂದು ತಿಂಗಳು ನಿಂತಿತ್ತು, ಯಾರನ್ನ ಕೇಳಿದ್ರೂ ಅಲ್ಲಿ ಕೇಳಿ ಇಲ್ಲಿ ಕೇಳಿ ಅನ್ನೋರು, ಕೊನೆಗೆ ನೋಡಿದ್ರೆ ಹುಡುಗನ ಅಟೆಂಡೆನ್ಸ್ ಒಂದು ತಿಂಗಳದ್ದು ಅಪ್‌ಲೋಡ್ ಆಗಿರ್ಲಿಲ್ಲ. ಅಷ್ಟೇ. ಅದನ್ನ ಮೊದಲೇ ಹೇಳಿದ್ರೆ ಐದು ನಿಮಿಷದ ಕೆಲಸ. 2023ರಲ್ಲಿ ಡಿಬಿಟಿ (ನೇರ ನಗದು ವರ್ಗಾವಣೆ) ಬಂತು, ಸರ್ಕಾರದ ಪಾಲು ನೇರ ಹುಡುಗನ ಬ್ಯಾಂಕ್ ಅಕೌಂಟಿಗೇ ಹೋಗುತ್ತೆ, ನಾವು ನಮ್ಮ ಪಾಲು ಕೊಟ್ಟು ಪೋರ್ಟಲ್ಲಲ್ಲಿ ತೋರಿಸಿದ್ರೆ ಆಯ್ತು. ನನಗೆ ಇದು ಎಷ್ಟೋ ವಾಸಿ ಅನ್ನಿಸ್ತು. ತೊಂದರೆ ಏನಂದ್ರೆ ಹುಡುಗನ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ ಅಂತ ಅವನು ಆಣೆ ಮಾಡಿ ಹೇಳಿರ್ತಾನೆ, ಆದ್ರೆ ಡಿಬಿಟಿಗೆ ಬೇಕಾದ ಸೀಡಿಂಗ್ (ಆಧಾರ್‌ಗೆ ಬರೋ ಸರ್ಕಾರದ ದುಡ್ಡು ಯಾವ ಅಕೌಂಟಿಗೆ ಬೀಳ್ಬೇಕು ಅನ್ನೋ ಜೋಡಣೆ) ಬೇರೆ, ಅದು ಅವರಮ್ಮ ಯಾವಾಗ್ಲೋ ಊರಲ್ಲಿ ಸ್ಕಾಲರ್‌ಶಿಪ್‌ಗೆ ತೆಗೆಸಿದ ಅಕೌಂಟಲ್ಲಿ ಕೂತಿರುತ್ತೆ. ದುಡ್ಡು ಅಲ್ಲಿಗೆ ಹೋಗಿ ಬೀಳುತ್ತೆ. ಹುಡುಗ ನನ್ನ ಹತ್ರ ಬಂದು ಸಾರ್ ದುಡ್ಡು ಬಂದಿಲ್ಲ ಅಂತಾನೆ. ಹೊಸಬರಿಗೆ ನನ್ನ ಸಲಹೆ, ಕಾಂಟ್ರಾಕ್ಟ್ ಹಾಕೋ ಮುಂಚೆ ಹುಡುಗನನ್ನ ಬ್ಯಾಂಕಿಗೆ ಕಳಿಸಿ. ಕನ್ಸಲ್ಟೆಂಟ್ ಬೇಡ, ಒಂದು ವರ್ಷ ಒಬ್ಬರಿಗೆ ಕೊಟ್ಟು ನೋಡ್ದೆ, ಸರ್ಕಾರದಿಂದ ಬಂದಿದ್ದರಲ್ಲಿ ಮೂರನೇ ಒಂದು ಭಾಗ ಅವರ ಫೀಸಿಗೇ ಹೋಯ್ತು, ಪಾಸ್‌ವರ್ಡೂ ಅವರ ಹತ್ರಾನೇ ಉಳ್ಕೊಂಡಿತ್ತು. (ಅಂದ್ಹಾಗೆ ಇಲಾಖೆ ಕಾಗದಗಳಲ್ಲಿ ಅಪ್ರೆಂಟಿಸ್‌ಗೆ ‘ಶಿಶಿಕ್ಷು’ ಅಂತಾರೆ. ಆ ಕಾಗದ ನೋಡಿ ನಮ್ಮ ಹುಡುಗ ಒಬ್ಬ ಸಾರ್ ಇದು ಅಂಗನವಾಡಿದು ಇರ್ಬೇಕು ಅಂದ.)

ಈಗ ಅಸಲಿ ವಿಷಯ, ಕಲಿಸೋದು. ಎರಡನೇ ಬ್ಯಾಚಲ್ಲಿ ಒಬ್ಬ ಹುಡುಗ, ಟರ್ನರ್ ಟ್ರೇಡ್, ಮಾರ್ಕ್ಸ್ ಚೆನ್ನಾಗೇ ಇತ್ತು. ಇಎನ್8 ಸ್ಟೀಲಿನ ಶಾಫ್ಟ್ ಓಡ್ತಿತ್ತು, ಸೈಜ್ ಸ್ವಲ್ಪ ಜಾಸ್ತಿ ಬರ್ತಿದೆ ಆಫ್‌ಸೆಟ್ (ಟೂಲ್ ಎಷ್ಟು ಸರೀಬೇಕು ಅಂತ ಮಷಿನ್‌ಗೆ ಕೊಡೋ ಅಳತೆ) 0.02 ಮಿಲಿಮೀಟರ್ ಕಮ್ಮಿ ಮಾಡೋ ಅಂತ ಸೆಟ್ಟರ್ ಹೇಳಿ ಟೀ ಕುಡಿಯೋಕೆ ಹೋದ. ಇವನು 0.2 ಹಾಕಿದಾನೆ. ವಾಪಸ್ ಬರೋಷ್ಟರಲ್ಲಿ ಮೂವತ್ತೆಂಟು ಪೀಸು ಅಂಡರ್‌ಸೈಜು, ಅದರ ಮೇಲೆ ಮೆಟೀರಿಯಲ್ಲೂ ಕಸ್ಟಮರ್‌ದು. ನಾನು ಕೂಗಾಡಿ ಆದ ಮೇಲೆ ಕೂರಿಸ್ಕೊಂಡು ಕೇಳ್ದೆ, ಏನಪ್ಪಾ ಎರಡಕ್ಕೂ ವ್ಯತ್ಯಾಸ ಅಂತ. ಸಾರ್ ಎರಡೂ ಎರಡೇ ಅಲ್ವಾ ಅಂದ. ಸುಳ್ಳಲ್ಲ, ಅವನಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.

ಅವತ್ತಿಂದ ಶನಿವಾರ ಸಂಜೆ ಒಂದು ಗಂಟೆ ಮಷಿನ್ ನಿಲ್ಲಿಸಿ ಕ್ಲಾಸು. ಕಾಂಟ್ರಾಕ್ಟಲ್ಲಿ ಏನೇನು ಕಲಿಸ್ಬೇಕು ಅಂತ ಇದೆಯಲ್ಲ, ಅದರ ನೆಪದಲ್ಲಿ ಶುರುವಾಗಿದ್ದು. ದಶಮಾಂಶ ಹೇಳ್ಕೊಡೋಕೆ ನಾನು ರೂಪಾಯಿ ಪೈಸೆ ಹಿಡ್ಕೊಂಡೆ, 0.20 ಅಂದ್ರೆ ಇಪ್ಪತ್ತು ಪೈಸೆ, 0.02 ಅಂದ್ರೆ ಎರಡು ಪೈಸೆ. ಹುಡುಗರು ಮಿಕಮಿಕ ನೋಡ್ತಾರೆ. ಆಮೇಲೆ ಹೊಳೀತು, ಇವರು ಪೈಸೇನೇ ನೋಡಿಲ್ಲ! ನಾಲ್ಕಾಣೆ 2011ರಲ್ಲೇ ನಿಂತೋಯ್ತು, ಫೋನಲ್ಲಿ ಸ್ಕ್ಯಾನ್ ಮಾಡೋರಿಗೆ ಎರಡು ಪೈಸೆ ಯಾರು ತೋರಿಸ್ತಾರೆ. ಹಿಂದೆ ಪೊರಕೆ ಹಿಡ್ಕೊಂಡು ಲೋಹದ ಚೂರು ಗುಡಿಸ್ತಾ ನಿಂತಿದ್ದ ನಮ್ಮ ಹಳೇ ಹೆಲ್ಪರ್ ಮಾತ್ರ, ಓ ಹಂಗಾ ಸಾರ್, ಅಂದ್ರೆ ಇವನು ಎರಡು ಪೈಸೆ ಬದಲು ಇಪ್ಪತ್ತು ಪೈಸೆ ತೆಗ್ದ ಅಂದ್ರು. ಹದಿನಾಲ್ಕು ವರ್ಷದಿಂದ ನಮ್ಮಲ್ಲಿರೋರು, ಆರನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋರು. ಮುಂದಿನ ಶನಿವಾರ ಕೇಳ್ದೆನೇ ಬಂದು ಕೂತ್ರು. ಈಗ ಮೈಕ್ರೋಮೀಟರ್ (ಸೂಕ್ಷ್ಮ ಅಳತೆ ನೋಡೋ ಸಾಧನ) ಓದ್ತಾರೆ, ಡ್ರಾಯಿಂಗಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗ್ಬಹುದು ಅನ್ನೋದು) ಎಲ್ಲಿ ಬರ್ದಿದಾರೆ ಅಂತ ಹುಡುಕ್ತಾರೆ, ರಿಪೋರ್ಟ್ ಶೀಟಲ್ಲಿ ತಾವೇ ಬರೀತಾರೆ ಅಕ್ಷರ ಸ್ವಲ್ಪ ದೊಡ್ಡದಾಗಿರುತ್ತೆ ಅಷ್ಟೇ.

ನಾನು ಸ್ಟಾರ್ ಕತ್ತರಿಸಿದ್ದು ಇಲ್ಲೇ. ಈ ಹೆಲ್ಪರ್‌ಗೆ ಕಲಿಸೋಕೆ ಸರ್ಕಾರದಿಂದ ಒಂದು ಪೈಸೆ ಇಲ್ಲ, ಎರಡು ಪೈಸೆನೂ ಇಲ್ಲ. ಅವರು ಅಪ್ರೆಂಟಿಸ್ ಆಗೋ ಹಾಗಿಲ್ಲ, ವಯಸ್ಸು ನಲವತ್ತಾರು, ಈಗಾಗ್ಲೇ ಕೆಲಸದಲ್ಲಿದಾರೆ. ಇರೋ ಕೆಲಸಗಾರರಿಗೆ ಅಂತ ಕೌಶಲ್ ವಿಕಾಸ್ ಯೋಜನೆಯಲ್ಲಿ ಆರ್‌ಪಿಎಲ್ (ರೆಕಗ್ನಿಷನ್ ಆಫ್ ಪ್ರಯರ್ ಲರ್ನಿಂಗ್) ಅಂತ ಒಂದಿದೆ, ಆದ್ರೆ ಹೆಸರೇ ಹೇಳೋ ಹಾಗೆ ಅದು ಮೊದಲೇ ಕಲಿತಿದ್ದನ್ನ ಗುರುತಿಸೋಕೆ. ಒಂದ್ಸಲ ನಮ್ಮಲ್ಲಿ ಆರು ಜನಕ್ಕೆ ಮಾಡ್ಸಿದ್ವಿ, ಸ್ವಲ್ಪ ಹೊತ್ತು ಓರಿಯೆಂಟೇಶನ್, ಪರೀಕ್ಷೆ, ಫೋಟೋ, ಸರ್ಟಿಫಿಕೇಟ್. ಗೊತ್ತಿದ್ದೋನಿಗೆ ಕಾಗದ ಸಿಕ್ತು, ಗೊತ್ತಿಲ್ಲದೋನು ಗೊತ್ತಿಲ್ಲದ ಹಾಗೇ ಉಳ್ದ. ಕಲಿಸ್ಬೇಕು ಅಂದ್ರೆ ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ತರದ ಕಡೆ ಶಾರ್ಟ್ ಟರ್ಮ್ ಕೋರ್ಸಿಗೆ ಕಳಿಸ್ಬಹುದು, ಫೀಸು ನಮ್ದು, ಆ ದಿನಗಳ ಸಂಬಳ ನಮ್ದು, ನಿಂತ ಮಷಿನ್ನೂ ನಮ್ದು.

ನನ್ನ ತಂಗಿ ಗಂಡ ಕೆನಡಾದ ಒಂಟಾರಿಯೋದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶಾಪಲ್ಲಿದಾರೆ. ಅಲ್ಲಿ 2014ರಲ್ಲಿ ಜಾಬ್ ಗ್ರಾಂಟ್ ಅಂತ ಶುರು ಮಾಡಿದ್ರು, ಆಮೇಲೆ ಬಂದ ರೂಲಲ್ಲಿ ನೂರು ಜನಕ್ಕಿಂತ ಕಮ್ಮಿ ಇರೋ ಕಂಪನಿ ತನ್ನ ಹಾಲಿ ಕೆಲಸಗಾರನಿಗೆ ಹೊರಗಿನೋರಿಂದ ಟ್ರೈನಿಂಗ್ ಕೊಡಿಸಿದ್ರೆ ಖರ್ಚಲ್ಲಿ ಆರನೇ ಒಂದು ಭಾಗ ಮಾಲೀಕಂದು, ಉಳಿದಿದ್ದು ಒಬ್ಬನಿಗೆ 10,000 ಡಾಲರ್‌ವರೆಗೆ ಸರ್ಕಾರದ್ದು ಅಂತಿತ್ತು. ಭಾವ ವೆಲ್ಡಿಂಗ್ ಕೋರ್ಸ್ ಮಾಡಿದ್ದು ಅದರಲ್ಲೇ. ಅಷ್ಟು ದುಡ್ಡು ಇಲ್ಲಿ ಕೊಡಿ ಅಂತಲ್ಲ. ಹೊಸಬನಿಗೆ ತಿಂಗಳಿಗೆ 1,500 ಕೊಡೋರು ಹಳಬ ಶನಿವಾರ ಒಂದು ಗಂಟೆ ಕೂತ್ರೆ ಅದಕ್ಕೂ ಏನಾದ್ರೂ ಕೊಡ್ಬಹುದಲ್ವಾ ಅನ್ನೋದು ನನ್ನ ಪ್ರಶ್ನೆ.

ಪರೀಕ್ಷೆ ವಿಚಾರ ಬೇಗ ಹೇಳಿ ಮುಗಿಸ್ತೀನಿ. ವರ್ಷ ಮುಗಿದ ಮೇಲೆ ಆಲ್ ಇಂಡಿಯಾ ಟ್ರೇಡ್ ಟೆಸ್ಟ್ ಇರುತ್ತೆ. ನಮ್ಮ ಮೂರು ಹುಡುಗರಿಗೆ ಟ್ರೈನಿಂಗ್ ಮುಗಿದು ಐದು ತಿಂಗಳಾದ ಮೇಲೆ ಡೇಟ್ ಬಂತು, ಅಷ್ಟರಲ್ಲಿ ಒಬ್ಬ ಊರಲ್ಲಿ ಅಡಿಕೆ ಸುಲಿಸ್ತಿದ್ದ, ಫೋನ್ ಮಾಡಿ ಕರೆಸಿ ಪ್ರಾಕ್ಟಿಕಲ್‌ಗೆ ಮತ್ತೆ ಎರಡು ದಿನ ಮಷಿನ್ ಕೊಟ್ಟೆ. ಪಾಸಾದ. ರೈಲ್ವೆ ಗ್ರೂಪ್ ಡಿ ನೇಮಕದಲ್ಲಿ ಮೀಸಲು ಸೀಟಿರೋದು ರೈಲ್ವೆಯಲ್ಲೇ ಅಪ್ರೆಂಟಿಸ್ ಆದೋರಿಗೆ, ಆದ್ರೂ ಈ ಸರ್ಟಿಫಿಕೇಟನ್ನ ಅರ್ಹತೆ ಅಂತ ಒಪ್ಕೋತಾರೆ, ಹುಡುಗರು ವರ್ಷಪೂರ್ತಿ ನಿಲ್ಲೋದು ನಮ್ಮ ಮೇಲಿನ ಪ್ರೀತಿಗಿಂತ ಅದಕ್ಕೇ ಜಾಸ್ತಿ, ಇರ್ಲಿ.

ಹಾಗಾದ್ರೆ ಸೇರ್ಬೇಕಾ ಬೇಡ್ವಾ. ಕಮ್ಮಿ ಸಂಬಳಕ್ಕೆ ಕೆಲಸಗಾರ ಸಿಗ್ತಾನೆ ಅನ್ನೋ ಲೆಕ್ಕ ಇದ್ರೆ ಬೇಡ, ಹುಡುಗರನ್ನ ಲೋಡಿಂಗ್‌ಗೆ ಹಾಕಿ ವರ್ಷ ತಳ್ಳೋ ಶಾಪ್‌ಗಳನ್ನ ನೋಡಿದೀನಿ, ಪಾಪ ಅವರು ಮೈಕ್ರೋಮೀಟರ್ ಮುಟ್ಟದೇ ವಾಪಸ್ ಹೋಗ್ತಾರೆ. ಕಲಿಸೋಕೆ ಶಾಪಲ್ಲಿ ತಾಳ್ಮೆ ಇರೋ ಒಬ್ಬ ಮನುಷ್ಯ ಇದ್ರೆ ಸೇರಿ. ನಮ್ಮಲ್ಲಿ ಈ ವರ್ಷಾನೂ ಇಬ್ಬರು ಬಂದಿದಾರೆ. ಒಬ್ಬನ ಕಾಂಟ್ರಾಕ್ಟ್ ಅಪ್ರೂವ್ ಆಯ್ತು. ತಿಪಟೂರು ಕಡೆಯವನೊಬ್ಬನದ್ದು ಅದೇ ಆಧಾರ್ ಸೀಡಿಂಗ್ ಪ್ರಾಬ್ಲಂ, ಇವತ್ತು ಬೆಳಿಗ್ಗೆ ಬಸ್ ಚಾರ್ಜ್ ಕೊಟ್ಟು ಊರಿನ ಬ್ಯಾಂಕಿಗೆ ಕಳ್ಸಿದೀನಿ, ಇನ್ನೂ ಫೋನ್ ಬಂದಿಲ್ಲ.